ಅಕ್ಕಿ, ನೀರು, ಮರಳು: ಮಾಲೆಯ ಗೋದಾಮಿನಲ್ಲಿ ಕಲಿತ ಪಾಠಗಳು

ಗಂಗೊಳ್ಳಿಯಲ್ಲಿ ಹುಟ್ಟಿದ ನಾನು ಸರಕಿನ ಲೆಕ್ಕ ಬರೆಯಲು ಕಲಿತದ್ದು ಮಂಗಳೂರಿನ ಹಳೆ ಬಂದರಿನಲ್ಲಿ. ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಡಗುಗಳಿಗೆ ಜಲ್ಲಿ, ಸಿಮೆಂಟು, ಅಕ್ಕಿ, ತರಕಾರಿ ತುಂಬಿಸುವ ಕೆಲಸ. ಅಲ್ಲಿ ಆದ ಪರಿಚಯ ಹಿಡಿದು 1994ರಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೋದೆ. ಆಹಾರ ಸಾಮಗ್ರಿ ತರಿಸುವ ಒಂದು ಸಂಸ್ಥೆಯ ಖರೀದಿ ವಿಭಾಗದಲ್ಲಿ 2016ರವರೆಗೆ, ಒಟ್ಟು 22 ವರ್ಷ ದುಡಿದೆ. ದೆಹಲಿಯಲ್ಲೋ ಮಾಲೆಯಲ್ಲೋ ಯಾರಾದರೂ ಮುನಿಸಿಕೊಂಡರೆ ಅದು ಪತ್ರಿಕೆಗೆ ಬರುವ ಮೊದಲೇ ನಮ್ಮ ಗೋದಾಮಿಗೆ ಗೊತ್ತಾಗುತ್ತಿತ್ತು: ಬರಬೇಕಾದ ಹಡಗು ಬರುತ್ತಿರಲಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಆ ದೇಶದ ಬಗ್ಗೆ ನಮ್ಮಲ್ಲಿ ಬಹಳ ಮಾತು ನಡೆದಿದೆ, ಅದರಲ್ಲಿ ಸಿಟ್ಟಿನ ಮಾತೇ ಹೆಚ್ಚು. ಅಲ್ಲಿನ ಅನ್ನ ಉಂಡವನಾಗಿ ನಾನು ಕಂಡದ್ದನ್ನು ಬರೆದಿಡಬೇಕು ಅನ್ನಿಸಿತು.

1. ನಕ್ಷೆ ಮಡಿಸಿಟ್ಟು ಅಡುಗೆಮನೆಗೆ ಬನ್ನಿ

ಮಾಲ್ಡೀವ್ಸ್‌ನಲ್ಲಿ 1,192 ದ್ವೀಪಗಳಿವೆ, ಜನ ವಾಸಿಸುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಎಲ್ಲ ನೆಲ ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರದ ಅರ್ಧವೂ ಆಗದು. ಸಮುದ್ರ ಮಾತ್ರ ಸುಮಾರು ಒಂಬತ್ತು ಲಕ್ಷ ಚದರ ಕಿಲೋಮೀಟರ್. ಮೀನು, ತೆಂಗು ಬಿಟ್ಟರೆ ತಟ್ಟೆಗೆ ಬೀಳುವ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರಬೇಕು. ಬತ್ತದ ಗದ್ದೆ ಎಂಬುದೇ ಇಲ್ಲದ ಊರಿನಲ್ಲಿ ದಿನಕ್ಕೆ ಎರಡು ಹೊತ್ತು ಅನ್ನ ಉಣ್ಣುವ ಜನ ಅವರು.

1981ರ ವ್ಯಾಪಾರ ಒಪ್ಪಂದದಂತೆ ಭಾರತ ಆ ದೇಶಕ್ಕೆ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಮರಳು, ಜಲ್ಲಿ ಇವುಗಳನ್ನು ಪ್ರತಿವರ್ಷ ಇಷ್ಟಿಷ್ಟು ಎಂದು ನಿಗದಿ ಮಾಡಿ ಕೊಡುತ್ತದೆ. ನಮ್ಮಲ್ಲಿ ರಫ್ತು ನಿಷೇಧ ಇದ್ದರೂ ಸಾಮಾನ್ಯವಾಗಿ ಈ ಪಾಲಿಗೆ ಅಡ್ಡಿಯಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಭಾರತ ಈರುಳ್ಳಿ ರಫ್ತನ್ನು ಪೂರ್ತಿ ನಿಲ್ಲಿಸಿದಾಗಲೂ ಮಾಲ್ಡೀವ್ಸ್‌ಗೆ ವಿನಾಯಿತಿ ಇತ್ತು. 2024-25ಕ್ಕೆ ನಿಗದಿಯಾದದ್ದು 1.24 ಲಕ್ಷ ಟನ್ ಅಕ್ಕಿ, 42.75 ಕೋಟಿ ಮೊಟ್ಟೆ, ಮರಳು ಮತ್ತು ಜಲ್ಲಿ ತಲಾ ಹತ್ತು ಲಕ್ಷ ಟನ್. ಒಪ್ಪಂದ ಶುರುವಾದಾಗಿನಿಂದ ಅಲ್ಲಿಯವರೆಗೆ ಅದೇ ಅತಿ ದೊಡ್ಡ ಪ್ರಮಾಣ.

ಮೊಟ್ಟೆ, ಈರುಳ್ಳಿ ಸರಿ, ಮರಳೇಕೆ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಿದ್ದರು. ಸುತ್ತಲೂ ಬಿಳಿ ಮರಳಿರುವ ದೇಶಕ್ಕೆ ಮರಳೇ? ಅಲ್ಲಿನ ಮರಳು ಹವಳದ ಪುಡಿ. ಹಿಂದೆ ಮನೆ ಕಟ್ಟಲು ಹವಳದ ದಿಬ್ಬವನ್ನೇ ಒಡೆದು ಕಲ್ಲು ತೆಗೆಯುತ್ತಿದ್ದರು. ದಿಬ್ಬ ಒಡೆದರೆ ಅಲೆಗೆ ತಡೆಯಿಲ್ಲ, ಮೀನಿಗೆ ಮನೆಯಿಲ್ಲ. ಹಾಗಾಗಿ ಒಂದು ಶಾಲೆಯ ಗೋಡೆ ಏಳಬೇಕಾದರೂ ಭಾರತದ ಹೊಳೆಯ ಮರಳು ತಮಿಳುನಾಡಿನ ತೂತ್ತುಕುಡಿಯಿಂದ ಹಡಗೇರಬೇಕು.

ನಮ್ಮ ಸರಕೂ ಬಹುತೇಕ ತೂತ್ತುಕುಡಿಯಿಂದಲೇ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ಹಡಗು ಹೇಳಿದ ದಿನಕ್ಕೆ ಬರದು. ಈರುಳ್ಳಿ ಚೀಲದೊಳಗೆ ಮೊಣಕೈವರೆಗೂ ಕೈ ತೂರಿಸಿ ನಡುವಿನ ಬಿಸಿ ನೋಡುತ್ತಿದ್ದೆ. ಬೆಚ್ಚಗಿದ್ದರೆ ಒಳಗೆ ಕೊಳೆಯಲು ಶುರುವಾಗಿದೆ ಎಂದರ್ಥ. ಹಾಗಾದ ವಾರ ಮಾಲೆಯ ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಏರುತ್ತಿತ್ತು, ಸಂಜೆಯ ಚಹಾದಂಗಡಿಯಲ್ಲಿ ಮಾತು ನೇರ ಭಾರತದ ಕಡೆಗೆ ತಿರುಗುತ್ತಿತ್ತು. ವಿದೇಶಾಂಗ ನೀತಿಯ ನಾಡಿ ಸಿಗುವುದು ಆ ಚೀಲದೊಳಗೆ ಎಂದು ನನಗೆ ಖಾತ್ರಿಯಾದದ್ದು ಹೀಗೆ.

2. ಎರಡನೇ ಹಡಗು ಹುಡುಕುವವನನ್ನು ಕೃತಘ್ನ ಎನ್ನಬಾರದು

ನಾನು ನೆಚ್ಚಿಕೊಂಡು ನಡೆದ ಪಾಠ ಇದು. ನಮ್ಮ ಮಾಲೀಕರು ಒಬ್ಬನೇ ಪೂರೈಕೆದಾರನನ್ನು ಎಂದೂ ನಂಬಿ ಕೂರುತ್ತಿರಲಿಲ್ಲ. ತೂತ್ತುಕುಡಿಯವನು ಎಷ್ಟೇ ಒಳ್ಳೆಯವನಾದರೂ ಕೊಲಂಬೊದಲ್ಲಿ ಒಬ್ಬ, ದುಬೈಯಲ್ಲಿ ಒಬ್ಬ ಇರಲೇಬೇಕು. ತೂತ್ತುಕುಡಿಯವನಿಗೆ ಇದರಿಂದ ಬೇಸರವಾಗುತ್ತಿತ್ತು. ಸಣ್ಣ ದ್ವೀಪದ ದೇಶವೂ ಮಾಡುವುದು ಇದನ್ನೇ.

ಹೊರಗಿನವರ ಜೊತೆ ಲೆಕ್ಕ ಹಾಕಿ ವ್ಯವಹರಿಸುವುದು ಅವರಿಗೆ ಇಂದು ನಿನ್ನೆಯದಲ್ಲ. ನಾವು ಕನ್ನಡದಲ್ಲಿ ಕವಡೆ ಕಾಸು ಅನ್ನುತ್ತೇವಲ್ಲ, ಆ ಕವಡೆ ಶತಮಾನಗಳ ಕಾಲ ಹಡಗುಗಟ್ಟಲೆ ಹೋದದ್ದು ಮಾಲ್ಡೀವ್ಸ್‌ನಿಂದ. ಬಂಗಾಳಕ್ಕೆ ಕವಡೆ ಕಳಿಸಿ ಬದಲಿಗೆ ಅಕ್ಕಿ ತರಿಸುತ್ತಿದ್ದರು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಮುಂದೆ 1343ರ ಹೊತ್ತಿಗೆ ಆ ದ್ವೀಪಗಳಿಗೆ ಹೋಗಿ ಖಾಜಿಯಾಗಿದ್ದ ಇಬ್ನ್ ಬತೂತ ಆ ವಿನಿಮಯವನ್ನು ದಾಖಲಿಸಿದ್ದಾನೆ. ಮಾಲ್ಡೀವ್ಸ್‌ನವರು 1887ರಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟರು, 1965ರ ಜುಲೈ 26ರಂದು ಸ್ವತಂತ್ರರಾದರು. ತುತ್ತತುದಿಯ ಅಡ್ಡು ಹವಳದ್ವೀಪದ ಗಾನ್‌ನಲ್ಲಿ ಬ್ರಿಟನ್ನಿನ ವಾಯುನೆಲೆ ಇತ್ತು. 1976ರಲ್ಲಿ ಅವರು ಅದನ್ನು ಬಿಟ್ಟು ಹೋದರು. ಮರುವರ್ಷ ಸೋವಿಯತ್ ಒಕ್ಕೂಟ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಬಾಡಿಗೆ ಕೊಡುತ್ತೇನೆ ಎಂದಿತು. ಅಧ್ಯಕ್ಷ ಇಬ್ರಾಹಿಂ ನಾಸಿರ್ ಒಪ್ಪಲಿಲ್ಲ. ಬೀಚು ಹೋಟೆಲುಗಳು ಆಗಷ್ಟೇ ಕಣ್ಣು ಬಿಡುತ್ತಿದ್ದ ಬಡ ದೇಶ ಅದು. ಆ ಹಣ ಅವರಿಗೆ ದೊಡ್ಡದಿತ್ತು.

2011ರ ನವೆಂಬರ್‌ನಲ್ಲಿ ಅಡ್ಡುವಿನಲ್ಲಿ ಸಾರ್ಕ್ ಶೃಂಗಸಭೆ ನಡೆದ ವಾರವೇ ಚೀನಾ ಮಾಲೆಯಲ್ಲಿ ರಾಯಭಾರ ಕಚೇರಿ ತೆರೆಯಿತು. 2018ರ ಆಗಸ್ಟ್‌ನಲ್ಲಿ ಚೀನಾದ ನೆರವಿನ ಸಿನಾಮಾಲೆ ಸೇತುವೆ ಮಾಲೆಯನ್ನು ವಿಮಾನ ನಿಲ್ದಾಣದ ಹುಲುಲೆಗೆ ಜೋಡಿಸಿತು. ನಾನು ಇದ್ದಷ್ಟು ಕಾಲವೂ ಆ ನೀರನ್ನು ದಾಟಿದ್ದು ದೋಣಿಯಲ್ಲಿ. ಅವರ ಭಾಷೆಯಲ್ಲೂ ಅದು ದೋಣಿಯೇ, ನಾವು ಅನ್ನುವ ಹಾಗೆಯೇ. 2019ರಲ್ಲಿ ಹಳೆಯ ಗೆಳೆಯರನ್ನು ನೋಡಲು ಹೋದಾಗ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷದಲ್ಲಿ ಮನೆ ಮುಟ್ಟಿದೆ. ತುಂಬು ಗರ್ಭಿಣಿಯನ್ನು ರಾತ್ರಿ ಹೊತ್ತು ದೋಣಿಗೆ ಹತ್ತಿಸಿದ್ದನ್ನು ಕಂಡವನು ನಾನು. ಆ ಸೇತುವೆಯನ್ನು ಭದ್ರತೆಯ ಕಣ್ಣಿನಿಂದ ಮಾತ್ರ ನೋಡಲು ನನಗೆ ಸಾಧ್ಯವಿಲ್ಲ. ಈಗ ಭಾರತದ 50 ಕೋಟಿ ಡಾಲರ್ ಅನುದಾನ ಮತ್ತು ಸಾಲದಲ್ಲಿ ಇನ್ನೊಂದು, 6.74 ಕಿಲೋಮೀಟರ್ ಉದ್ದದ ಸೇತುವೆ ಏಳುತ್ತಿದೆ. ಇಬ್ಬರು ದೊಡ್ಡವರ ಪೈಪೋಟಿಯಿಂದ ಸಣ್ಣವನಿಗೆ ಎರಡು ಸೇತುವೆ ಸಿಕ್ಕಿದವು ಎಂದಾದರೆ ಅದು ಆ ದೇಶದ ಜಾಣ್ಮೆ. ಅದನ್ನು ದ್ರೋಹ ಎಂದು ಕರೆಯಲಾರೆ.

3. ಬಂದು, ಕೆಲಸ ಮುಗಿಸಿ, ಹೋದ ಸೈನ್ಯವನ್ನು ಜನ ಮರೆಯುವುದಿಲ್ಲ

1988ರ ನವೆಂಬರ್ 3ರ ಬೆಳಗಿನ ಜಾವ ಶ್ರೀಲಂಕಾದ ಬಾಡಿಗೆ ಬಂದೂಕುಧಾರಿಗಳು ಮಾಲೆಗೆ ನುಗ್ಗಿದರು. ಅವರನ್ನು ಕರೆತಂದವನು ಮಾಲ್ಡೀವ್ಸ್‌ನವನೇ ಆದ ಅಬ್ದುಲ್ಲಾ ಲುತುಫಿ ಎಂಬ ವ್ಯಾಪಾರಿ. ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ತಲೆಮರೆಸಿಕೊಂಡು ಹಲವು ದೇಶಗಳಿಗೆ ಮೊರೆಯಿಟ್ಟರು. ಅದೇ ರಾತ್ರಿ ಆಗ್ರಾದಿಂದ ಹೊರಟ ಭಾರತದ ಪ್ಯಾರಾಟ್ರೂಪರ್‌ಗಳು ಹುಲುಲೆಯಲ್ಲಿ ಇಳಿದರು, ಸಿಕ್ಕ ದೋಣಿ ಹತ್ತಿ ಮಾಲೆಗೆ ದಾಟಿದರು. ಒತ್ತೆಯಾಳುಗಳ ಜೊತೆ ‘ಪ್ರೋಗ್ರೆಸ್ ಲೈಟ್’ ಹಡಗಿನಲ್ಲಿ ಓಡಿದವರನ್ನು ಐಎನ್‌ಎಸ್ ಗೋದಾವರಿ ಮತ್ತು ಬೇತ್ವಾ ನಡುಸಮುದ್ರದಲ್ಲಿ ತಡೆದವು.

ನಾನು ಹೋಗುವ ಆರು ವರ್ಷ ಮೊದಲಿನ ಮಾತು ಇದು. ನಮ್ಮ ಗೋದಾಮಿನ ಹಿರಿಯ ಮೇಸ್ತ್ರಿ ಪ್ರತಿ ನವೆಂಬರ್ 3ರಂದು ಅದನ್ನು ಹೇಳುತ್ತಿದ್ದ. ಹಗಲಿಡೀ ಮಕ್ಕಳನ್ನು ಮಂಚದಡಿ ಮಲಗಿಸಿದ್ದು, ದೀಪ ಹಚ್ಚದೆ ಕೂತಿದ್ದು, ರಾತ್ರಿ ದೊಡ್ಡ ವಿಮಾನದ ಸದ್ದು ಕೇಳಿ ಹೆಂಡತಿ ಅತ್ತದ್ದು. ಅವನ ಕಥೆ ಪ್ರತಿಸಲವೂ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ‘ಆಮೇಲೆ ಅವರು ಹೋದರು.’ ಹೊಗಳಿಕೆಯ ತೂಕ ಇದ್ದದ್ದು ಆ ಮಾತಿನಲ್ಲೇ ಎಂದು ನನಗೆ ತಿಳಿಯಲು ವರ್ಷಗಳು ಹಿಡಿದವು.

ಮುಂದೆ ಭಾರತ ಎರಡು ಧ್ರುವ ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಕೊಟ್ಟಿತು. ಧ್ರುವ ನಮ್ಮ ಬೆಂಗಳೂರಿನ ಎಚ್‌ಎಎಲ್‌ನದು. ದೂರದ ದ್ವೀಪಗಳಿಂದ ರೋಗಿಗಳನ್ನು ಸಾಗಿಸಲು ಅವು ಎಷ್ಟು ಒದಗಿವೆ ಎಂಬುದು ಅಲ್ಲಿ ಬದುಕಿದವರಿಗೆ ಗೊತ್ತು. ಅವುಗಳ ಜೊತೆಗಿದ್ದ ಸೇನಾ ಸಿಬ್ಬಂದಿ ನೂರಕ್ಕಿಂತ ಕಡಿಮೆ. ಆದರೂ ‘ಇಂಡಿಯಾ ಔಟ್’ ಎಂಬ ಕೂಗು ಎದ್ದಿತು, 2023ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಮೊಹಮದ್ ಮುಯಿಝು ಆ ಸಿಬ್ಬಂದಿಯನ್ನು ವಾಪಸ್ ಕಳಿಸಲು ಪಟ್ಟು ಹಿಡಿದರು. 2024ರ ಮೇ 10ರೊಳಗೆ ಸೈನಿಕರ ಜಾಗಕ್ಕೆ ನಾಗರಿಕ ತಂತ್ರಜ್ಞರು ಬಂದರು, ವಿಮಾನಗಳು ಅಲ್ಲೇ ಉಳಿದವು. ಎರಡು ಚದರ ಕಿಲೋಮೀಟರಿನ ಊರಿನಲ್ಲಿ ಹೊರದೇಶದ ಒಂದು ಸಮವಸ್ತ್ರವೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಈ ಏರ್ಪಾಟನ್ನು ಹತ್ತು ವರ್ಷ ಮೊದಲೇ ಮಾಡಿದ್ದರೆ ಆ ಕೂಗಿಗೆ ಕಾರಣವೇ ಇರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

4. ನೀರು ಕೊಟ್ಟದ್ದನ್ನು ಯಾರೂ ಹೇಳಿ ನೆನಪಿಸಬೇಕಾಗಿಲ್ಲ

2014ರ ಡಿಸೆಂಬರ್ 4ರಂದು ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿತ್ತು. ಮಾಲೆಯಲ್ಲಿ ನದಿಯಿಲ್ಲ, ಕೆರೆಯಿಲ್ಲ. ಕುಡಿಯುವ ನೀರೆಂದರೆ ಸಮುದ್ರದ ಉಪ್ಪು ತೆಗೆದ ನೀರು. ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು.

ಮರುದಿನ ಬೆಳಿಗ್ಗೆ ನಮ್ಮ ಗೋದಾಮಿನ ಮುಂದೆ ಇದ್ದ ಸಾಲಿನಲ್ಲಿ ಗುರುತಿನವರೇ ಹೆಚ್ಚು. ಬಾಟಲಿ ನೀರು ಮಧ್ಯಾಹ್ನದೊಳಗೆ ಮುಗಿಯಿತು. ನಾನಿದ್ದದ್ದು ಐದನೇ ಮಹಡಿ. ಪಕ್ಕದ ಮನೆಯ ಅಜ್ಜಿಗೆಂದು ಎತ್ತಿಟ್ಟಿದ್ದ ಎರಡು ಬಾಟಲಿ ಹಿಡಿದು ಮೇಲೆ ಹೋದೆ. ಆಕೆ ಒಂದನ್ನು ಒಳಗಿಟ್ಟು ಇನ್ನೊಂದನ್ನು ಎದುರುಮನೆಯ ಬಾಣಂತಿಗೆ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದಳು.

ಆ ದಿನವೇ ಭಾರತದ ವಾಯುಪಡೆಯ ವಿಮಾನ ನೀರು ಹೊತ್ತು ಬಂದು ಇಳಿಯಿತು. ನಂತರ ಐಎನ್‌ಎಸ್ ಸುಕನ್ಯಾ, ಐಎನ್‌ಎಸ್ ದೀಪಕ್ ಬಂದವು. ಚೀನಾ, ಶ್ರೀಲಂಕಾಗಳಿಂದಲೂ ನೀರು ಬಂತು. ಆಗ ಆಳುತ್ತಿದ್ದದ್ದು ಭಾರತದೊಂದಿಗೆ ಅಷ್ಟಕ್ಕಷ್ಟೇ ಇದ್ದ ಅಬ್ದುಲ್ಲಾ ಯಾಮೀನ್ ಸರ್ಕಾರ. ನೀರು ಕಳಿಸುವಾಗ ಭಾರತ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಭಾರತೀಯ ಎಂದು ಹೆಮ್ಮೆಪಟ್ಟ ದಿನಗಳಲ್ಲಿ ಅದೊಂದು. ಹತ್ತು ವರ್ಷದ ನಂತರ ನಮ್ಮಲ್ಲಿ ಕೆಲವರು ‘ನೀರು ಕೊಟ್ಟವರು ನಾವು’ ಎಂದು ಮೂದಲಿಸಿದ್ದನ್ನು ಓದಿದಾಗ ನೋವಾಯಿತು. ನಮ್ಮ ಕರಾವಳಿಯಲ್ಲಿ ಬಾಯಾರಿ ಬಂದವರಿಗೆ ನೀರು ಬೆಲ್ಲ ಕೊಟ್ಟು ಆಮೇಲೆ ಆಡಿಕೊಳ್ಳುವ ರೂಢಿ ಇಲ್ಲ.

5. ದೊಡ್ಡವರ ಗುತ್ತಿಗೆ ಮುರಿದರೆ ಪೆಟ್ಟು ರೋಗಿಗೆ

ಮಾಲೆ ವಿಮಾನ ನಿಲ್ದಾಣವನ್ನು ಬೆಳೆಸಿ ನಡೆಸುವ ಗುತ್ತಿಗೆ 2010ರಲ್ಲಿ ಭಾರತದ ಜಿಎಂಆರ್ ಕಂಪನಿ ನೇತೃತ್ವದ ಕೂಟಕ್ಕೆ ಸಿಕ್ಕಿತ್ತು. ಸರ್ಕಾರ ಬದಲಾದ ಮೇಲೆ 2012ರ ನವೆಂಬರ್‌ನಲ್ಲಿ ಅದನ್ನು ರದ್ದು ಮಾಡಿದರು. ಪ್ರಕರಣ ಸಿಂಗಪುರದಲ್ಲಿ ಮಧ್ಯಸ್ಥಿಕೆಗೆ ಹೋಗಿ, 2016ರಲ್ಲಿ ಮಾಲ್ಡೀವ್ಸ್ 27 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಕಾಗದದ ಮೇಲಿನ ಲೆಕ್ಕ ಅಲ್ಲಿಗೆ ಮುಗಿಯಿತು.

ನಡುವಿನ ದಿನಗಳನ್ನು ನಾವು ಅನುಭವಿಸಿದೆವು. ಭಾರತದಿಂದ ಬರುವ ಮರಳು, ಜಲ್ಲಿಗೆ ತಡೆ ಬಿತ್ತು, ಭಾರತದ ವೀಸಾ ಬಿಗಿಯಾಯಿತು. ನನ್ನ ಸಹೋದ್ಯೋಗಿಯೊಬ್ಬನ ತಾಯಿಗೆ ತಿರುವನಂತಪುರದಲ್ಲಿ ಹೃದಯದ ಚಿಕಿತ್ಸೆ ನಡೆಯುತ್ತಿತ್ತು. ಮೊದಲೆಲ್ಲ ಊರಿನೊಳಗೆ ಹೋಗಿ ಬಂದಷ್ಟು ಸಲೀಸಾಗಿ ಹೋಗಿ ಬರುತ್ತಿದ್ದರು. ಆಗ ಅವನು ನಸುಕಿಗೆ ಎದ್ದು ಸಾಲು ನಿಂತು, ಮಧ್ಯಾಹ್ನ ಬರಿಗೈಯಲ್ಲಿ ಗೋದಾಮಿಗೆ ಬಂದು ಅಕ್ಕಿ ಚೀಲದ ಮೇಲೆ ಕೂರುತ್ತಿದ್ದ. ವಿಮಾನ ನಿಲ್ದಾಣದ ಗುತ್ತಿಗೆಗೂ ಆ ತಾಯಿಗೂ ಏನು ಸಂಬಂಧ? ಅವನು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಭಾರತದ ನೆರವಿನಿಂದ ಕಟ್ಟಿ 1995ರಲ್ಲಿ ತೆರೆದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಗಳಿಸಿಕೊಟ್ಟ ಪ್ರೀತಿಯಲ್ಲಿ ಒಂದು ಪಾಲನ್ನು ನಾವು ಆ ಕೆಲವು ತಿಂಗಳಲ್ಲಿ ಕಳೆದುಕೊಂಡೆವು.

6. ಗಡಿಯ ಮಾತನ್ನು ಕಾಗದದಲ್ಲಿ ಮುಗಿಸಿದ್ದು ಎರಡೂ ಕಡೆಯ ದೊಡ್ಡಸ್ತಿಕೆ

ಲಕ್ಷದ್ವೀಪದ ಮಿನಿಕಾಯ್ ಜನ ಆಡುವುದು ಮಾಲ್ಡೀವ್ಸ್‌ನವರ ಧಿವೇಹಿಯದೇ ರೂಪವಾದ ಮಹಲ್. ಮಂಗಳೂರು ಬಂದರಿನಲ್ಲಿ ನಾನು ಮೊದಲು ಕೇಳಿದ್ದು ಆ ಭಾಷೆ. ಒಂದೇ ಭಾಷೆಯ ಜನ ಎರಡು ದೇಶಗಳಲ್ಲಿದ್ದರೆ ಜಗಳಕ್ಕೆ ನೆಪ ಬೇಕಿಲ್ಲ. ಇಲ್ಲಿ 1976ರಲ್ಲೇ ಕಡಲ ಗಡಿಯ ಒಪ್ಪಂದವಾಯಿತು. ನಮ್ಮ ಬೇರೆ ನೆರೆಗಳನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

7. ಮುಳುಗುವ ಭಯವನ್ನೇ ಅವರು ದನಿಯಾಗಿ ಮಾಡಿಕೊಂಡರು

2004ರ ಡಿಸೆಂಬರ್ 26, ಭಾನುವಾರ. ಅಲ್ಲಿ ಭಾನುವಾರ ಕೆಲಸದ ದಿನ. ಗೋದಾಮಿನ ಬಾಗಿಲಲ್ಲಿ ನಿಂತಿದ್ದಾಗ ಬೀದಿಯಲ್ಲಿ ನೀರು ಬಂತು. ಅಬ್ಬರವೇನೂ ಇರಲಿಲ್ಲ. ನೋಡುನೋಡುತ್ತ ಕಾಲಿನ ಗಿಣ್ಣು, ಆಮೇಲೆ ಮೊಣಕಾಲು. ಅಕ್ಕಿಯ ಅಟ್ಟಿಯಲ್ಲಿ ಕೆಳಗಿನ ಸಾಲು ಉಬ್ಬಿ ಒಡೆಯಿತು, ಮೇಲಿನ ಚೀಲಗಳು ಒಂದೊಂದಾಗಿ ವಾಲಿದವು. ನೀರು ಹಿಂದೆ ಸರಿದ ಮೇಲೆ ಚೀಲದ ಸಂದಿಯಲ್ಲಿ ಸಣ್ಣ ಮೀನುಗಳಿದ್ದವು. ದೇಶದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಮಾಲೆಯನ್ನು ಬಹುಮಟ್ಟಿಗೆ ಉಳಿಸಿದ್ದು ಜಪಾನಿನ ಅನುದಾನದಲ್ಲಿ ಸುತ್ತ ಕಟ್ಟಿದ್ದ ತಡೆಗೋಡೆ.

ಅದಕ್ಕೆ ಆರು ದಿನ ಮೊದಲು, ಡಿಸೆಂಬರ್ 20ರಂದು, ವಿಶ್ವಸಂಸ್ಥೆ ಮಾಲ್ಡೀವ್ಸ್ ಇನ್ನು ಅತಿ ಹಿಂದುಳಿದ ದೇಶವಲ್ಲ ಎಂದು ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿತ್ತು. ಸುನಾಮಿಯ ಕಾರಣಕ್ಕೆ ಅದನ್ನು ಮುಂದೂಡಿ, ಕೊನೆಗೆ 2011ರಲ್ಲಿ ಜಾರಿ ಮಾಡಿದರು. ಮೇಲೇರಿದ್ದಕ್ಕೆ ತೆತ್ತ ಬೆಲೆ: 2014ರಿಂದ ಯುರೋಪಿಗೆ ಹೋಗುವ ಅವರ ಮೀನಿಗೆ ಸುಂಕ ಬಿತ್ತು. ಗಾಳ ಹಾಕಿ ಒಂದೊಂದಾಗಿ ಹಿಡಿಯುವ ಟ್ಯೂನಾ ಅದು, ಬಲೆ ಬೀಸಿ ಬಾಚಿದ್ದಲ್ಲ. ಆ ಅನ್ಯಾಯದ ಬಗ್ಗೆ ಮಾಲೆಯ ಮೀನುಪೇಟೆಯಲ್ಲಿ ಕೇಳಿದಷ್ಟು ಸ್ಪಷ್ಟ ಮಾತನ್ನು ನಾನು ಪತ್ರಿಕೆಗಳಲ್ಲಿ ಓದಲಿಲ್ಲ.

ಕಡಲೇರಿಕೆಯ ಬಗ್ಗೆ ಜಗತ್ತಿಗೆ ಮೊದಲು ಕೂಗಿ ಹೇಳಿದವರಲ್ಲಿ ಅವರೂ ಒಬ್ಬರು. 1987ರಲ್ಲಿ ಗಯೂಮ್ ವಿಶ್ವಸಂಸ್ಥೆಯಲ್ಲಿ ಮಾತನಾಡಿದರು, 1989ರಲ್ಲಿ ಸಣ್ಣ ದೇಶಗಳ ಸಮ್ಮೇಳನ ಮಾಲೆಯಲ್ಲೇ ನಡೆಯಿತು. 2009ರ ಅಕ್ಟೋಬರ್ 17ರಂದು ಆಗಿನ ಅಧ್ಯಕ್ಷ ಮೊಹಮದ್ ನಶೀದ್ ಅವರ ಸಂಪುಟ ಗಿರಿಫುಶಿ ದ್ವೀಪದ ಬಳಿ ನೀರಿನಡಿ ಸಭೆ ಸೇರಿತು. 2021ರಲ್ಲಿ ಮಾಲ್ಡೀವ್ಸ್‌ನ ಅಬ್ದುಲ್ಲಾ ಶಾಹಿದ್ 143 ಮತ ಪಡೆದು ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು. ಐದು ಲಕ್ಷ ಜನರ ದೇಶಕ್ಕೂ ಅಲ್ಲಿ ಒಂದು ಮತ, ನೂರನಲವತ್ತು ಕೋಟಿಯವರಿಗೂ ಒಂದು ಮತ. ಆ ಒಂದನ್ನು ಅವರು ಜತನದಿಂದ ಬಳಸಿದ್ದಾರೆ.

8. ಡಾಲರ್ ಇಲ್ಲದ ದಿನ ಸ್ನೇಹಿತ ಯಾರೆಂದು ಗೊತ್ತಾಗುತ್ತದೆ

ಅಲ್ಲಿ ಡಾಲರಿಗೆ ಸರ್ಕಾರಿ ದರ 15.42 ರುಫಿಯಾ. ಆ ದರಕ್ಕೆ ಬ್ಯಾಂಕಿನಲ್ಲಿ ಬೇಕಾದಷ್ಟು ಸಿಗದು, ಹೊರಗೆ ಹೆಚ್ಚು ಕೊಟ್ಟು ಕೊಳ್ಳಬೇಕು. ಪ್ರವಾಸಿಗರು ತರುವ ಡಾಲರೇ ಅಕ್ಕಿಗೂ ಸಾಲದ ಕಂತಿಗೂ ಆಗಬೇಕು. 2024ರಲ್ಲಿ ಬೊಕ್ಕಸ ಬರಿದಾಗುವ ಸ್ಥಿತಿ ಬಂದಾಗ, ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದರು. 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯಕ್ಕೆ ಭಾರತ ಒಪ್ಪಿತು. ಅದೇ ವರ್ಷದ ಜನವರಿಯಲ್ಲಿ ಅವರ ಮೂವರು ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಕೀಳಾಗಿ ಬರೆದು ಅಮಾನತಾಗಿದ್ದರು. ಅದನ್ನೇ ಹಿಡಿದು ಕೂರದೆ ದೆಹಲಿ ನಡೆದುಕೊಂಡ ರೀತಿ ನನಗೆ ಸರಿಕಂಡಿತು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ಅತಿಥಿಯಾಗಿ ಹೋದವರು ಅದೇ ಪ್ರಧಾನಿ ನರೇಂದ್ರ ಮೋದಿ.

9. ಮೂವರ ಮಾತಿಗೆ ಐದು ಲಕ್ಷ ಜನರನ್ನು ಬೈಯಬೇಡಿ

2023ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗರಲ್ಲಿ ಭಾರತೀಯರೇ ಮೊದಲು, ಎರಡು ಲಕ್ಷಕ್ಕೂ ಹೆಚ್ಚು. ಉಪಸಚಿವರ ಮಾತಿಗೆ ಸಿಟ್ಟಾಗಿ ನಮ್ಮಲ್ಲಿ ಎದ್ದ ಬಹಿಷ್ಕಾರದ ಕರೆಯ ನಂತರ 2024ರಲ್ಲಿ ಅದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಯಾರು ಎಲ್ಲಿಗೆ ಹೋಗಬೇಕೆಂಬುದು ಅವರವರ ಇಷ್ಟ. ಆದರೆ ಆ ದಿನಗಳಲ್ಲಿ ನನ್ನ ಮೊಬೈಲಿಗೆ ಕನ್ನಡದಲ್ಲೇ ಬಂದ ಸಂದೇಶಗಳು ಆ ಜನರ ಧರ್ಮವನ್ನು, ಬಡತನವನ್ನು, ಊಟವನ್ನು ಹೀಯಾಳಿಸುತ್ತಿದ್ದವು. ಕಳಿಸಿದವರಲ್ಲಿ ಹೆಚ್ಚಿನವರು ಆ ದೇಶದ ಒಬ್ಬರನ್ನೂ ಕಂಡವರಲ್ಲ. ನಾನು ಟೈಫಾಯ್ಡ್ ಬಂದು ಮಲಗಿದ್ದಾಗ ಹತ್ತು ದಿನ ಗಂಜಿ ಕಾಯಿಸಿ ಕೊಟ್ಟವಳು ಆ ಐದನೇ ಮಹಡಿಯ ಅಜ್ಜಿ.

ಮಾಲ್ಡೀವ್ಸ್ ತನ್ನ ಕಾನ್ಸುಲೇಟ್ ಒಂದನ್ನು ಬೆಂಗಳೂರಿನಲ್ಲಿ ತೆರೆಯಬೇಕು, ಭಾರತ ಅಡ್ಡುವಿನಲ್ಲಿ ತೆರೆಯಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ಮಾತನಾಡಿಕೊಂಡಿವೆ. ಚಿಕಿತ್ಸೆಗೆ, ಓದಿಗೆ, ವ್ಯಾಪಾರಕ್ಕೆ ಅವರು ಇನ್ನು ಹೆಚ್ಚು ಹೆಚ್ಚಾಗಿ ನಮ್ಮ ಕಡೆ ಬರುತ್ತಾರೆ. ಬೆಂಗಳೂರಿನ ಯಾವುದಾದರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಔಷಧಿ ಚೀಟಿ ಹಿಡಿದು, ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದೆ ನಿಂತ ಮಾಲೆಯ ಒಂದು ಕುಟುಂಬ ನಿಮಗೆ ಸಿಕ್ಕರೆ, ದಯವಿಟ್ಟು ಹತ್ತಿರ ಹೋಗಿ ದಾರಿ ತೋರಿಸಿ, ಎರಡು ಮಾತಾಡಿಸಿ.